ಯೂದನಾಗಿ ಕಾರ್ಲ್ ಆಂಡರ್ಸನ್ (ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್, 1973): ಅಭ್ಯಾಸಕ್ಕೆ ಯಾವ ದೃಶ್ಯಗಳು?

ಪ್ರಶ್ನೆ — ಹಿಂದಿನಸಾಲು

ನಮ್ಮ ಚಿತ್ರಸಮಾಜದಲ್ಲಿ ಅಭಿನಯದ ಬಗ್ಗೆ ಎರಡು ಗಂಟೆಯ ಒಂದು ಕೂಟ ಇದೆ. ನಾರ್ಮನ್ ಜೂಯಿಸನ್ ನಿರ್ದೇಶನದ ಈ ಚಿತ್ರದಿಂದ, ಯೇಸುವಿಗೆ ದ್ರೋಹ ಬಗೆದ ಶಿಷ್ಯ ಯೂದನ ಪಾತ್ರವನ್ನಷ್ಟೇ ಎತ್ತಿಕೊಳ್ಳಬೇಕು ಅಂತಿದ್ದೇವೆ. ಬರುವವರಲ್ಲಿ ಅರ್ಧದಷ್ಟು ಜನ ಹವ್ಯಾಸಿ ರಂಗನಟರು, ಕೆಲವರು ಹಾಡುಗಾರರು, ಕೆಲವರು ಚರ್ಚಿನ ಗಾಯನವೃಂದದವರು.

ಪೂರ್ತಿ ಚಿತ್ರ ಸುಮಾರು ಒಂದು ಮುಕ್ಕಾಲು ಗಂಟೆ. ಅದನ್ನೇ ತೋರಿಸಿದರೆ ಮಾತಿಗೆ ಸಮಯ ಉಳಿಯುವುದಿಲ್ಲ. ಯಾವ ದೃಶ್ಯಗಳನ್ನು ಯಾವ ಕ್ರಮದಲ್ಲಿ ತೋರಿಸಿದರೆ ಆಂಡರ್ಸನ್ ಏನು ಮಾಡಿದ್ದಾರೆಂದು ಗೊತ್ತಾಗುತ್ತದೆ? ಇಬ್ಬರು ಹುಡುಗರು ಮೊದಲ ಹಾಡನ್ನು ತಾವೇ ಹಾಡಿ ತೋರಿಸುತ್ತೇವೆ ಎನ್ನುತ್ತಿದ್ದಾರೆ, ಅವರಿಗೆ ಏನು ಹೇಳಬೇಕು? ಸುವಾರ್ತೆಯ ಯೂದನಿಗೂ ಈ ಯೂದನಿಗೂ ಇರುವ ವ್ಯತ್ಯಾಸ ಎಲ್ಲಿದೆ ಎಂದೂ ತಿಳಿದವರು ಹೇಳಿ. ಚರ್ಚಿನವರು ಅದನ್ನು ಕೇಳಿಯೇ ಕೇಳುತ್ತಾರೆ.

ಉತ್ತರ — ತೆರೆಯಾಚೆ

ಮೊದಲು ಒಂದು ಹಿನ್ನೆಲೆ ಹೇಳಿಬಿಡಿ, ಇಲ್ಲದಿದ್ದರೆ ನೋಡುವವರು ದಾರಿ ತಪ್ಪುತ್ತಾರೆ. ಇದು ಪೂರ್ತಿ ಹಾಡಿನಲ್ಲೇ ನಡೆಯುವ ಚಿತ್ರ, ನಡುವೆ ಗದ್ಯ ಸಂಭಾಷಣೆ ಇಲ್ಲವೆಂದೇ ಹೇಳಬಹುದು. ಧ್ವನಿಯನ್ನು ಮೊದಲೇ ಮುದ್ರಿಸಿಕೊಂಡು, ಇಸ್ರೇಲಿನ ಬಿಸಿಲಲ್ಲಿ ಅದನ್ನು ನುಡಿಸುತ್ತಾ ತುಟಿಚಲನೆ ಹೊಂದಿಸಿ ಚಿತ್ರೀಕರಿಸಿದ್ದಾರೆ. ನಮ್ಮ ಸಿನಿಮಾಗಳ ಹಾಡಿನ ಚಿತ್ರೀಕರಣದ ಪದ್ಧತಿಯೇ. ಆದರೆ ಇಲ್ಲಿ ಹಾಡಿದವರೇ ನಟಿಸಿದ್ದಾರೆ. ಆಂಡರ್ಸನ್ ಬ್ರಾಡ್‌ವೇ ರಂಗಪ್ರಯೋಗದಲ್ಲಿ (1971) ಬೆನ್ ವೆರೀನ್ ಅವರಿಗೆ ಬದಲಿ ನಟರಾಗಿದ್ದವರು, ವೆರೀನ್ ಕಾಯಿಲೆ ಬಿದ್ದಾಗ ಯೂದನ ಪಾತ್ರಕ್ಕೆ ಇಳಿದವರು. ಅಂದರೆ ಕ್ಯಾಮೆರಾ ಮುಂದೆ ಬರುವ ಹೊತ್ತಿಗೆ ಪಾತ್ರ ಮೈಗೆ ಹತ್ತಿತ್ತು. ತುಟಿಚಲನೆ ಹೊಂದಿಸುವುದರಲ್ಲಿ ನಟ ಸೋಲುವುದು ತುಟಿಯಲ್ಲಲ್ಲ, ಕುತ್ತಿಗೆಯಲ್ಲಿ ಮತ್ತು ಉಸಿರಿನಲ್ಲಿ. ತಾರಸ್ವರ ಕೇಳುತ್ತಿರುತ್ತದೆ, ದೇಹ ಮಾತ್ರ ಸುಮ್ಮನೆ ನಿಂತಿರುತ್ತದೆ. ಸಮೀಪದ ಚಿತ್ರಿಕೆಗಳಲ್ಲಿ ಆಂಡರ್ಸನ್ ಅವರ ಕುತ್ತಿಗೆ, ಭುಜ, ಎದೆ ಗಮನಿಸಲು ಹೇಳಿ. ಒಮ್ಮೆ ಧ್ವನಿ ಪೂರ್ತಿ ತೆಗೆದು ಅರ್ಧ ನಿಮಿಷ ತೋರಿಸಿ. ಎಲ್ಲಿ ಉಸಿರು ಎಳೆದರು, ಎಲ್ಲಿ ಸ್ವರ ಮೇಲೇರಿತು ಎಂಬುದು ದೇಹದಿಂದಲೇ ತಿಳಿಯಬೇಕು.

ಈಗ ದೃಶ್ಯಗಳು.

'ಹೆವನ್ ಆನ್ ದೇರ್ ಮೈಂಡ್ಸ್' ಪೂರ್ತಿ ತೋರಿಸಿ, ಕತ್ತರಿಸಬೇಡಿ. ಬಹಳ ದೂರದಿಂದ, ಬಂಡೆಯ ಮೇಲೆ ಚುಕ್ಕೆಯಷ್ಟು ಕಾಣುವ ಮನುಷ್ಯನ ಕಡೆಗೆ ಕ್ಯಾಮೆರಾ ನಿಧಾನವಾಗಿ ಸಾಗುತ್ತದೆ (ಛಾಯಾಗ್ರಾಹಕ ಡಗ್ಲಸ್ ಸ್ಲೋಕೊಂಬ್). ಕೆಂಪು ಉಡುಪಿನ ಯೂದ ಒಬ್ಬನೇ. ಯೇಸು ಮತ್ತು ಶಿಷ್ಯರು ದೂರದಲ್ಲಿದ್ದಾರೆ, ಇವನ ಮಾತು ಅವರಿಗೆ ಕೇಳಿಸುವಂತಿಲ್ಲ. ಇಡೀ ಪಾತ್ರ ಈ ಒಂದು ವಿನ್ಯಾಸದಲ್ಲೇ ಇದೆ: ಅವನು ಎಚ್ಚರಿಸುತ್ತಾನೆ, ಎಚ್ಚರಿಕೆ ತಲುಪುವುದಿಲ್ಲ. ಆಂಡರ್ಸನ್ ಇದನ್ನು ಸಿಟ್ಟಿನಿಂದ ಶುರು ಮಾಡುವುದಿಲ್ಲ ಎಂಬುದನ್ನು ಗಮನಿಸಿ. ಮೊದಲ ಸಾಲುಗಳಲ್ಲಿ ತನಗೆ ತಾನೇ ಲೆಕ್ಕ ಒಪ್ಪಿಸುವವನ ಸಮಾಧಾನ ಇದೆ. ಚಿಂತೆ ಮೊದಲು, ಭಯ ಆಮೇಲೆ, ಸಿಟ್ಟು ಕೊನೆಗೆ. ಬೇರೆ ನಟರು ಸಾಮಾನ್ಯವಾಗಿ ಸಿಟ್ಟಿನಿಂದಲೇ ಹೊರಟು, ಎರಡನೇ ನಿಮಿಷಕ್ಕೆ ಹೋಗಲು ಜಾಗವಿಲ್ಲದೆ ನಿಂತುಬಿಡುತ್ತಾರೆ.

ಎರಡನೆಯದು 'ಡ್ಯಾಮ್ಡ್ ಫಾರ್ ಆಲ್ ಟೈಮ್' ಮತ್ತು ಅದಕ್ಕೆ ಅಂಟಿಕೊಂಡೇ ಬರುವ 'ಬ್ಲಡ್ ಮನಿ'. ಮರುಭೂಮಿಯಲ್ಲಿ ಟ್ಯಾಂಕುಗಳು ಅವನನ್ನು ಅಟ್ಟಿಸಿಕೊಂಡು ಬರುತ್ತವೆ, ಅವನು ಓಡಿ ಯಾಜಕರ ಬಳಿ ಸೇರುತ್ತಾನೆ. ಟ್ಯಾಂಕುಗಳ ಬಗ್ಗೆ ಸಭೆಯಲ್ಲಿ ತುಂಬ ಚರ್ಚೆ ಎದ್ದೇಳುತ್ತದೆ, ಅದಕ್ಕೆ ಎರಡು ನಿಮಿಷ ಕೊಟ್ಟು ಮುಂದೆ ಹೋಗಿ. ನೋಡಬೇಕಾದದ್ದು ಹಣದ ಚೀಲ ಮುಂದೆ ಬಂದಾಗ ಅವನ ಮುಖ. ನನಗೆ ಈ ಹಣ ಬೇಡ ಎನ್ನುತ್ತಾನೆ. ಯಾಜಕರಾದ ಕಾಯಫ ಮತ್ತು ಅನ್ನ ಅವನನ್ನು ಲೋಭದಿಂದ ಕೆಡವುವುದಿಲ್ಲ, ಬಡವರಿಗೆ ಕೊಡು ಎನ್ನುತ್ತಾರೆ. ಇದೇ ಯೂದ ಮುಂಚೆ, ಮರಿಯಳು ಯೇಸುವಿಗೆ ತೈಲ ಹಚ್ಚುವ ದೃಶ್ಯದಲ್ಲಿ, ಇಷ್ಟು ಬೆಲೆಬಾಳುವುದನ್ನು ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಮಗ್ದಲದ ಮರಿಯಳ ಮೇಲೆ ಹರಿಹಾಯ್ದವನು. ಅವನ ಪ್ರಾಮಾಣಿಕ ವಾದವನ್ನೇ ಕುಣಿಕೆ ಮಾಡಿ ಅವನ ಕೊರಳಿಗೆ ಹಾಕುತ್ತಾರೆ. ಆದ್ದರಿಂದ ತೈಲದ ದೃಶ್ಯ, ಅಂದರೆ 'ಎವೆರಿಥಿಂಗ್ಸ್ ಆಲ್‌ರೈಟ್', ಇದಕ್ಕಿಂತ ಮೊದಲು ಇರಲೇಬೇಕು. ಇಲ್ಲದಿದ್ದರೆ ಹಣದ ದೃಶ್ಯದ ಅರ್ಧ ಬಲ ಹೋಗುತ್ತದೆ.

ಆಮೇಲೆ ಕೊನೆಯ ಊಟ. ಇಲ್ಲಿ ಇಬ್ಬರು ನಟರನ್ನೂ ನೋಡಬೇಕು. ಟೆಡ್ ನೀಲಿ ಅವರ ಯೇಸು ಇಲ್ಲಿ ಶಾಂತಮೂರ್ತಿಯಲ್ಲ, ಕೂಗಾಡುತ್ತಾನೆ. ನಾನು ಇಲ್ಲೇ ಉಳಿದು ನಿನ್ನ ಯೋಜನೆ ಕೆಡಿಸಿದರೆ ಏನು ಮಾಡುತ್ತೀ ಎಂದು ಯೂದ ಕೇಳುತ್ತಾನೆ. ಬೇಗ ಹೋಗು, ಅವರು ಕಾಯುತ್ತಿದ್ದಾರೆ ಎಂಬ ಉತ್ತರ ಬರುತ್ತದೆ. ಆಂಡರ್ಸನ್ ಅಲ್ಲಿ ದ್ರೋಹಿಯಂತಲ್ಲ, ಹೊರಗೆ ದಬ್ಬಿಸಿಕೊಂಡ ಗೆಳೆಯನಂತೆ ನಟಿಸುತ್ತಾರೆ. ನನ್ನ ಮಟ್ಟಿಗೆ ಇಡೀ ಚಿತ್ರದ ಅತ್ಯುತ್ತಮ ಅಭಿನಯ ಇದು, ಸಾವಿನ ದೃಶ್ಯಕ್ಕಿಂತಲೂ.

ಆಮೇಲೆ ಯೂದನ ಸಾವು, ಕೊನೆಗೆ 'ಸೂಪರ್‌ಸ್ಟಾರ್'. ಸತ್ತವನು ಬಿಳಿ ಜಾಲರಿ ಉಡುಪಿನಲ್ಲಿ ಆಕಾಶದಿಂದ ಇಳಿದು ಬಂದು ಯೇಸುವಿಗೆ ಪ್ರಶ್ನೆ ಹಾಕುತ್ತಾನೆ. ಹಾಡು ಜನಪ್ರಿಯ ನಿಜ, ಆದರೆ ಅಭಿನಯದ ಪಾಠಕ್ಕೆ ಅಷ್ಟು ಉಪಯೋಗವಿಲ್ಲ. ಸಮಯ ಸಾಲದಿದ್ದರೆ ಇದನ್ನೇ ಬಿಡಿ.

ಉತ್ತರ — ಬಿಳಿ ಎರಡು

ಹಾಡುವ ಹುಡುಗರಿಗೆ ನಾಲ್ಕು ಮಾತು.

'ಹೆವನ್ ಆನ್ ದೇರ್ ಮೈಂಡ್ಸ್' ಇರುವುದು ಡಿ ಮೈನರ್‌ನಲ್ಲಿ. ಹಾರ್ಮೋನಿಯಂನಲ್ಲಿ ಬಿಳಿ ಎರಡು ಷಡ್ಜ ಎಂದುಕೊಳ್ಳಿ. ಯೂದನದು ಎತ್ತರದ ಗಂಡುಧ್ವನಿಗೆ ಬರೆದ ಪಾತ್ರ. ನಡುಧ್ವನಿಯವರು ಎರಡು ಅರ್ಧಸ್ವರ ಇಳಿಸಿ ಸಿ ಮೈನರ್‌ನಲ್ಲಿ ಹಾಡಿದರೆ ತಪ್ಪೇನಿಲ್ಲ. ಅದಕ್ಕಿಂತ ಬಹಳ ಇಳಿಸಿದರೆ ಶುರುವಿನ ಸಾಲುಗಳು ತಗ್ಗಿಗೆ ಹೋಗಿ ಗಿಟಾರಿನ ಕೆಳಗೆ ಮುಚ್ಚಿಹೋಗುತ್ತವೆ.

ಸಾಮಾನ್ಯವಾಗಿ ಆಗುವ ಕೇಡು ಇದು: ಧ್ವನಿಮುದ್ರಿಕೆಯಲ್ಲಿ ಕೇಳುವ ಕೂಗನ್ನು ಗಂಟಲಿನಿಂದ ಅನುಕರಿಸಲು ಹೋಗುತ್ತಾರೆ. ಗಂಟಲು ಬಿಗಿಯಾಗುತ್ತದೆ, ದವಡೆ ಮುಂದೆ ಚಾಚುತ್ತದೆ, ಎರಡನೇ ಸಲಕ್ಕೆ ಧ್ವನಿ ಒಡೆಯುತ್ತದೆ. ಆಂಡರ್ಸನ್ ಅವರ ಧ್ವನಿಯಲ್ಲಿರುವುದು ಕಪ್ಪು ಅಮೆರಿಕನ್ನರ ಗಾಸ್ಪೆಲ್ ಮತ್ತು ಸೋಲ್ ಹಾಡುಗಾರಿಕೆಯ ದಾರಿ. ಎತ್ತರದ ಸ್ವರಕ್ಕೆ ಎದೆಯ ತೂಕವನ್ನು ಹೊತ್ತುಕೊಂಡೇ ಹತ್ತುವುದಿಲ್ಲ, ಹತ್ತುತ್ತಾ ತೂಕ ಕಡಿಮೆ ಮಾಡಿ ನಾದವನ್ನು ಮೂಗು-ಹಣೆಯ ಕಡೆಗೆ ತರುವುದು. ಕೇಳುವವರಿಗೆ ಕೂಗಿನಂತೆ ಕೇಳುತ್ತದೆ, ಹಾಡುವವರ ಗಂಟಲಿಗೆ ಕೂಗಿನ ಭಾರ ಇರುವುದಿಲ್ಲ. ಅಭ್ಯಾಸ ಹೀಗೆ: ಮೊದಲು ಇಡೀ ಹಾಡನ್ನು ಬಾಯಿ ಮುಚ್ಚಿ ಗುಂಯ್ಗುಡಿ. ಆಮೇಲೆ ಕಾಲು ಧ್ವನಿಯಲ್ಲಿ ಪದಗಳೊಂದಿಗೆ. ಪೂರ್ತಿ ಧ್ವನಿಯಲ್ಲಿ ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ. ನೋವು ಅಥವಾ ಕಡಿತ ಬಂದರೆ ಅಂದಿನ ಮಟ್ಟಿಗೆ ನಿಲ್ಲಿಸಿ, ಬಿಸಿನೀರು ಕುಡಿದು ಮತ್ತೆ ಶುರು ಮಾಡುವುದಲ್ಲ.

ಲಯದ ವಿಷಯ. 'ಎವೆರಿಥಿಂಗ್ಸ್ ಆಲ್‌ರೈಟ್' ಐದು ಎಣಿಕೆಯದು. ದೇವಾಲಯದ ದೃಶ್ಯದ ಹಾಡು ಏಳು. ಖಂಡ ಚಾಪು, ಮಿಶ್ರ ಚಾಪು ಕೈಯಲ್ಲಿ ಹಾಕಿ ರೂಢಿ ಇದ್ದವರಿಗೆ ಎಣಿಕೆ ಕಷ್ಟವಾಗುವುದಿಲ್ಲ. ಆದರೆ ಚಾಪಿನ ಘಾತವನ್ನು ಅಲ್ಲಿ ಹೇರಬೇಡಿ. ಇದು ತೂಗುತ್ತಾ ಸಾಗುವ ಐದು, ಘಾತ ಕೊಟ್ಟರೆ ಕುಂಟುತ್ತದೆ. ಡ್ರಮ್ ಎಲ್ಲಿ ಒತ್ತು ಕೊಡುತ್ತದೆಂದು ಮೊದಲು ಕೇಳಿಕೊಂಡು ಆಮೇಲೆ ಕೈ ಹಾಕಿ. ಮರಿಯ ಅದೇ ಐದರಲ್ಲಿ ಜೋಗುಳದಂತೆ ಸಮಾಧಾನಪಡಿಸುತ್ತಾಳೆ, ಯೂದ ಅದೇ ಐದರೊಳಗೆ ನುಗ್ಗಿ ಜಗಳ ತೆಗೆಯುತ್ತಾನೆ. ಲಯ ಬದಲಾಗದೆ ಭಾವ ತಲೆಕೆಳಗಾಗುವುದು ಆ ಹಾಡಿನ ಸೊಗಸು.

ಮೇಲಿನವರು ಸಾವಿನ ದೃಶ್ಯವನ್ನು ಬೇಗ ದಾಟಿಸಿಬಿಟ್ಟರು. ಸಂಗೀತದ ದೃಷ್ಟಿಯಿಂದ ಅದು ತುಂಬ ಶ್ರೀಮಂತ. ಮರಿಯ ಏಕಾಂತದಲ್ಲಿ ಹಾಡುವ 'ಐ ಡೋಂಟ್ ನೋ ಹೌ ಟು ಲವ್ ಹಿಮ್' ಧಾಟಿಯನ್ನೇ ಯೂದ ಸಾಯುವ ಮುನ್ನ ಹಾಡುತ್ತಾನೆ. ಅವಳ ಗೊಂದಲವೇ ಅವನದೂ: ಈ ಮನುಷ್ಯನನ್ನು ಹೇಗೆ ಪ್ರೀತಿಸಬೇಕೋ ತಿಳಿಯದು. ಅವನು ಯಾರನ್ನು ಅವಮಾನಿಸಿದನೋ ಅವಳ ಹಾಡು ಅವನ ಬಾಯಲ್ಲಿ! ಆಂಡರ್ಸನ್ ಅಲ್ಲಿ ಧ್ವನಿಯ ಬಿರುಸನ್ನೆಲ್ಲ ಕೆಳಗಿಟ್ಟು ಮೆತ್ತಗೆ ಹಾಡುತ್ತಾರೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿಸಿ, ವಿವರಣೆ ಬೇಕಾಗುವುದಿಲ್ಲ.

ಇನ್ನೊಂದು ಇದೆ. ಯೂದನ ಮೊದಲ ಹಾಡಿನ ಗಿಟಾರ್ ವಾಕ್ಯ ರೋಮನ್ ಅಧಿಪತಿ ಪಿಲಾತನ ಮುಂದೆ ಯೇಸುವಿಗೆ 39 ಕೊರಡೆ ಏಟು ಬೀಳುವಾಗ ಮರಳಿ ಬರುತ್ತದೆ. ಆ ಹೊತ್ತಿಗೆ ಯೂದ ಸತ್ತಿದ್ದಾನೆ. ಅವನು ಬಂಡೆಯ ಮೇಲೆ ಕೊಟ್ಟ ಎಚ್ಚರಿಕೆ ಏಟಿನ ಎಣಿಕೆಯಾಗಿ ನಿಜವಾಗುತ್ತದೆ. ಸಂಗೀತ ರಚಿಸಿದ ಆಂಡ್ರ್ಯೂ ಲಾಯ್ಡ್ ವೆಬರ್ ಧಾಟಿಗಳನ್ನು ಮರುಬಳಸುತ್ತಾರೆಂದು ದೂರುವವರಿದ್ದಾರೆ, ಇಲ್ಲಿ ಮಾತ್ರ ಆ ಮರುಬಳಕೆಯೇ ಕಥೆ ಹೇಳುತ್ತದೆ.

ಉತ್ತರ — ನಾಲ್ಕುಸುವಾರ್ತೆ

ಗ್ರಂಥದ ಪ್ರಶ್ನೆಗೆ. ತೈಲದ ಪ್ರಸಂಗ ಯೋಹಾನನ ಸುವಾರ್ತೆಯ 12ನೇ ಅಧ್ಯಾಯದಲ್ಲಿದೆ. ಮುನ್ನೂರು ದಿನಾರಿ ಬೆಲೆಯ ತೈಲ, ಯೂದನ ಆಕ್ಷೇಪ, ಎರಡೂ ಅಲ್ಲಿಯವೇ. ಆದರೆ ಅಲ್ಲಿ ತೈಲ ಹಚ್ಚುವವಳು ಬೆಥಾನ್ಯದ ಮರಿಯಳು, ಲಾಜರನ ಸಹೋದರಿ, ಮಗ್ದಲದವಳಲ್ಲ. ಅದಕ್ಕಿಂತ ಮುಖ್ಯವಾದದ್ದು, ಯೂದನಿಗೆ ಬಡವರ ಚಿಂತೆ ಇರಲಿಲ್ಲ, ಅವನು ಹಣದ ಚೀಲದಿಂದ ಕದಿಯುತ್ತಿದ್ದ ಎಂದು ಯೋಹಾನ ಸ್ಪಷ್ಟವಾಗಿ ಬರೆಯುತ್ತಾನೆ. ಗೀತರಚನೆಕಾರ ಟಿಮ್ ರೈಸ್ ಆ ಒಂದು ವಾಕ್ಯವನ್ನು ಕೈಬಿಟ್ಟರು. ಕಳ್ಳತನ ತೆಗೆದ ಕೂಡಲೆ ಆಕ್ಷೇಪ ಪ್ರಾಮಾಣಿಕವಾಗುತ್ತದೆ, ಇಡೀ ಪಾತ್ರ ತಿರುಗಿ ನಿಲ್ಲುತ್ತದೆ.

30 ಬೆಳ್ಳಿ ನಾಣ್ಯ, ಪಶ್ಚಾತ್ತಾಪ, ನೇಣು ಮತ್ತಾಯನಲ್ಲಿವೆ (26 ಮತ್ತು 27ನೇ ಅಧ್ಯಾಯ). ಅಪೊಸ್ತಲರ ಕೃತ್ಯಗಳು 1ರಲ್ಲಿ ಸಾವಿನ ವಿವರ ಬೇರೆ: ತಲೆಕೆಳಗಾಗಿ ಬಿದ್ದು ಹೊಟ್ಟೆ ಒಡೆದು ಸಾಯುತ್ತಾನೆ. ಚಿತ್ರ ಮತ್ತಾಯನನ್ನು ಹಿಡಿದಿದೆ. ಜನರಿಗೋಸ್ಕರ ಒಬ್ಬನು ಸಾಯುವುದು ಮೇಲು ಎಂಬ ಕಾಯಫನ ವಾದ ಯೋಹಾನ 11ರದು.

ಗ್ರಂಥದಲ್ಲಿ ಇಲ್ಲದ್ದು: ರೋಮನ್ನರು ತಮ್ಮ ಜನರನ್ನು ಹೊಸಕಿಹಾಕುತ್ತಾರೆಂಬ ಯೂದನ ಭಯವೇ ದ್ರೋಹಕ್ಕೆ ಕಾರಣ ಎನ್ನುವುದು. ದೇವರು ತನ್ನನ್ನು ಈ ಕೆಲಸಕ್ಕೆ ಆರಿಸಿ ಕೊಂದ ಎಂದು ಸಾಯುವಾಗ ಅವನು ದೂರುವುದೂ ಇಲ್ಲ. ಲೂಕ 22 ಮತ್ತು ಯೋಹಾನ 13, ಸೈತಾನನು ಅವನೊಳಗೆ ಹೊಕ್ಕನು ಎನ್ನುತ್ತವೆ. ಚಿತ್ರದಲ್ಲಿ ಸೈತಾನನಿಲ್ಲ, ಪುನರುತ್ಥಾನವೂ ಇಲ್ಲ. ಗಾಯನವೃಂದದವರಿಗೆ ಈ ಎರಡನ್ನೂ ಚಿತ್ರ ತೋರಿಸುವ ಮೊದಲೇ ಹೇಳಿ. ತೋರಿಸಿದ ಮೇಲೆ ಹೇಳಿದರೆ ಸಮರ್ಥನೆಯಂತೆ ಕೇಳುತ್ತದೆ.

ಯಾಜಕರನ್ನು ಚಿತ್ರಿಸಿದ ರೀತಿಗೆ ಅಮೆರಿಕದ ಯಹೂದಿ ಸಂಘಟನೆಗಳು 1973ರಲ್ಲೇ ಪ್ರತಿಭಟಿಸಿದ್ದವು. ಆ ಆಕ್ಷೇಪದಲ್ಲಿ ಹುರುಳಿದೆ ಎಂದು ನನ್ನ ನಂಬಿಕೆ. ಕಪ್ಪು ನಿಲುವಂಗಿ ತೊಟ್ಟು ಎತ್ತರದ ಅಟ್ಟಣಿಗೆಯ ಮೇಲೆ ಕುಳಿತ ಆ ಆಕೃತಿಗಳನ್ನು ಸುಮ್ಮನೆ ದಾಟಿಸಬೇಡಿ.

ಉತ್ತರ — ರಂಗಸ್ಥಳ

ಒಂದು ವಿಷಯ ಬಿಟ್ಟುಹೋಗಿದೆ. ಕಪ್ಪು ನಟನಿಗೆ ದ್ರೋಹಿಯ ಪಾತ್ರ ಕೊಟ್ಟರೆಂದು ಆಗಲೇ ಟೀಕೆ ಬಂದಿತ್ತು. ಟೀಕೆ ಸಹಜ. ಆದರೆ ನಾವು ಆಕ್ರಮಿತ ನಾಡಿನವರು, ಮಿತಿಮೀರಿದರೆ ತುಳಿದುಹಾಕುತ್ತಾರೆ ಎಂಬ ಸಾಲುಗಳನ್ನು ಆ ಕಾಲದ ಅಮೆರಿಕದಲ್ಲಿ ಕಪ್ಪು ಮನುಷ್ಯನೊಬ್ಬ ಹಾಡಿದಾಗ, 1970ರ ಮೂಲ ಧ್ವನಿಮುದ್ರಿಕೆಯಲ್ಲಿ ಮರ್ರೆ ಹೆಡ್ ಹಾಡಿದ್ದಕ್ಕಿಂತ ಬೇರೆಯೇ ತೂಕ ಬಂತು. ಮರ್ರೆ ಹೆಡ್ ಅವರ ಯೂದ ವ್ಯಂಗ್ಯದ, ಬುದ್ಧಿವಂತ ಯುವಕ. ಆಂಡರ್ಸನ್ ಅವರ ಯೂದನಿಗೆ ತನ್ನ ಜನರ ಪ್ರಾಣದ ಚಿಂತೆ. ಹೋಲಿಸಿ ತೋರಿಸಬೇಕೆಂದರೆ 2012ರ ಅರೀನಾ ಪ್ರದರ್ಶನದ ಟಿಮ್ ಮಿಂಚಿನ್, 2018ರ ದೂರದರ್ಶನ ನೇರಪ್ರಸಾರದ ಬ್ರ್ಯಾಂಡನ್ ವಿಕ್ಟರ್ ಡಿಕ್ಸನ್ ಇದ್ದಾರೆ. ಮೂವರ ಮೊದಲ ಒಂದೊಂದು ನಿಮಿಷ ಸಾಕು.

ಕನ್ನಡದವರಿಗೆ ಈ ಬಗೆಯ ಓದು ಹೊಸದೇನಲ್ಲ. ನಾಗಚಂದ್ರನ ರಾವಣನನ್ನು ದುರಂತನಾಯಕನಾಗಿ ಬಿ.ಎಂ.ಶ್ರೀ. ಎಂದೋ ತೋರಿಸಿಕೊಟ್ಟಿದ್ದಾರೆ. ರಂಗನಟರಿಗೆ ಅಲ್ಲಿಂದ ಎಳೆದುಕೊಂಡು ಬಂದರೆ ಬೇಗ ಹಿಡಿಯುತ್ತಾರೆ.

ಪ್ರಶ್ನೆ ಕೇಳಿದವರು — ಹಿಂದಿನಸಾಲು

ಎಲ್ಲರಿಗೂ ಧನ್ಯವಾದ. ತೆರೆಯಾಚೆ ಸರ್, ಹಾಗಾದರೆ ಕ್ರಮ ಹೀಗೆ ಸರಿಯೇ: ಬಂಡೆಯ ಹಾಡು, ತೈಲ, ಮರಿಯಳ ಏಕಾಂತ, ಹಣ, ಕೊನೆಯ ಊಟ, ಸಾವು, 39 ಏಟು? ಉಪಶೀರ್ಷಿಕೆ ಹಾಕಬೇಕೇ?

ಉತ್ತರ — ತೆರೆಯಾಚೆ

ಕ್ರಮ ಸರಿ, ಚಿತ್ರದ ಕ್ರಮವೂ ಅದೇ. ಎಲ್ಲ ಸೇರಿ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು. ಸಾವಿನ ಬಗ್ಗೆ ಬಿಳಿ ಎರಡು ಅವರು ಹೇಳಿದ್ದನ್ನು ಒಪ್ಪುತ್ತೇನೆ, ಅದಕ್ಕೆ ಸಮಯ ಕೊಡಿ. ಇಂಗ್ಲಿಷ್ ಉಪಶೀರ್ಷಿಕೆ ಹಾಕಿದರೆ ಕಣ್ಣು ಪರದೆಯ ಬುಡದಲ್ಲೇ ಉಳಿಯುತ್ತದೆ, ನಟನ ಮುಖ ತಪ್ಪಿಹೋಗುತ್ತದೆ. ಪ್ರತಿ ದೃಶ್ಯಕ್ಕೂ ಮುಂಚೆ ಸಾಲುಗಳ ಸಾರಾಂಶವನ್ನು ಕನ್ನಡದಲ್ಲಿ ಒಂದು ನಿಮಿಷ ಹೇಳಿ, ಆಮೇಲೆ ಉಪಶೀರ್ಷಿಕೆ ಇಲ್ಲದೆ ತೋರಿಸಿ. ಧ್ವನಿಪೆಟ್ಟಿಗೆಗಳನ್ನು ಹಿಂದಿನ ದಿನವೇ ಪರೀಕ್ಷಿಸಿ. ಬಂಡೆಯ ಹಾಡಿಗೆ ಸರಿಯಾಗುವ ಮಟ್ಟ ಇಟ್ಟರೆ ಮರಿಯಳ ಧಾಟಿಯಲ್ಲಿ ಯೂದ ಮೆತ್ತಗೆ ಹಾಡುವುದು ಹಿಂದಿನವರಿಗೆ ಕೇಳುವುದಿಲ್ಲ. ಆ ಮೆತ್ತನೆಯ ಭಾಗಕ್ಕೆ ಮಟ್ಟ ಹೊಂದಿಸಿ, ಬಂಡೆಯ ಹಾಡಿಗೆ ಕೈಯಲ್ಲಿ ಇಳಿಸಿಕೊಳ್ಳಿ.