ವ್ಯಾಯಾಮದ ಮೊದಲೊಮ್ಮೆ, ಆಮ್ಯಾಲೊಮ್ಮೆ: ಮಿದುಳಿನ ಸ್ಕ್ಯಾನಿಗೆ ಮಾಡೆಲ್ ಹೆಂಗ ಕಟ್ಟೂದು?

ಬಾಗಲಕೋಟೆ ನವನಗರದಿಂದ ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ್ರಿ. ಫಿಸಿಯೋಥೆರಪಿ ಓದಿ ಈಗ ಪಿಎಚ್‌ಡಿ ಮಾಡಾಕತ್ತೀನಿ. ಲಕ್ವಾ ಹೊಡದ 20 ಮಂದಿಗೆ ಕೈ ವ್ಯಾಯಾಮ ಶುರು ಮಾಡೂಕಿಂತ ಮೊದಲೊಮ್ಮೆ, ಮೂರು ತಿಂಗಳಾದ ಮ್ಯಾಲೊಮ್ಮೆ ಫಂಕ್ಷನಲ್ ಎಂಆರ್‌ಐ (ಮಿದುಳಿನ ಯಾವ ಭಾಗ ಕೆಲಸ ಮಾಡಾಕತ್ತೈತಿ ಅಂತ ತೋರಿಸೂ ಸ್ಕ್ಯಾನ್) ತಗಸೀವಿ. ಸ್ಕ್ಯಾನರ್ ಒಳಗ 20 ಸೆಕೆಂಡ್ ಬೆರಳು ಬಡಿಯೂದು, 20 ಸೆಕೆಂಡ್ ಸುಮ್ನಿರೂದು. ಇದಲ್ದ 18 ಮಂದಿ ಆರೋಗ್ಯವಂತರದು ಒಂದೊಂದು ಸ್ಕ್ಯಾನ್ ಐತಿ. ನಾ ಎಸ್‌ಪಿಎಂ ಅನ್ನೂ ಸ್ಕ್ಯಾನ್ ಲೆಕ್ಕದ ಸಾಫ್ಟ್‌ವೇರಿನ್ಯಾಗ ಪೇಶೆಂಟರ 40 ಸ್ಕ್ಯಾನ್ ಎರಡು ಗುಂಪು ಮಾಡಿ ಟಿ-ಟೆಸ್ಟ್ (ಸರಾಸರಿ ಹೋಲಿಸೂ ಲೆಕ್ಕ) ಹಾಕಿದೆ. ಏನೂ ಬರಲಿಲ್ಲ. ವಯಸ್ಸನ್ನೂ ಮಾಡೆಲ್‌ಗೆ ಸೇರಿಸು ಅಂತ ಗೈಡ್ ಹೇಳ್ಯಾರ. ಡಿಸೈನ್ ಮ್ಯಾಟ್ರಿಕ್ಸ್ (ಸ್ಕ್ಯಾನಿಗೊಂದು ಸಾಲು, ಕಾರಣಕ್ಕೊಂದು ಕಾಲಂ ಇರೂ ಕೋಷ್ಟಕ) ನೋಡಿದ್ರ ಎದಿ ಝಲ್ ಅಂತೈತಿ. ಈ ದಾರಿ ನಡದವರು ಇದ್ರ ನಿಮ್ಮ ತಂಗಿ ಅಂತ ತಿಳಿದು ಹೇಳ್ರಿ.

ಬೆಳಗಾವಿಯಿಂದ:

ತಂಗಿ, ಮೊದಲು ಆ ಎರಡು ಗುಂಪಿನ ಟಿ-ಟೆಸ್ಟ್ ಬಾಜೂಕ ಇಡವಾ. ಎಂಟು ವರ್ಷದ ಹಿಂದ ನಾನೂ ಇದ ತಪ್ಪು ಮಾಡಿ ಎರಡು ತಿಂಗಳು ಕಳಕೊಂಡೇನಿ, ಅದಕ್ಕ ಜರಾ ಉದ್ದ ಬರೀತೀನಿ.

ಒಬ್ಬಾತನ ಎರಡು ಸ್ಕ್ಯಾನ್ ಅಂದ್ರ ಎರಡು ಬ್ಯಾರೆ ಮನಷ್ಯಾರಲ್ಲ. ಒಬ್ಬರ ಮಿದುಳಿನ ಸಿಗ್ನಲ್ ಹುಟ್ಟಾ ಜೋರ ಇರ್ತೈತಿ, ಇನ್ನೊಬ್ಬರದು ಸಣ್ಣಗಿರ್ತೈತಿ. ನೀ ಹಾಕಿದ ಟೆಸ್ಟು ಆ ವ್ಯತ್ಯಾಸ ಎಲ್ಲಾ ಒಯ್ದು ಗದ್ದಲದ ಲೆಕ್ಕಕ್ಕ ಹಾಕ್ತೈತಿ. ವ್ಯಾಯಾಮದಿಂದ ಆದ ಸಣ್ಣ ಬದಲಾವಣಿ ಅದರಾಗ ಮುಳುಗಿ ಹೋಗ್ತೈತಿ. ಅದಕ್ಕ ಒಬ್ಬೊಬ್ಬರಿಗೂ ಒಂದೊಂದು ಕಾಲಂ ಕೊಡು: 20 ಕಾಲಂ. ಮ್ಯಾಲೊಂದು ಕಾಲಂ, ಮೊದಲನೇ ಸ್ಕ್ಯಾನಿಗೆ −1, ಎರಡನೇದಕ್ಕ +1. 40 ಸಾಲು, 21 ಕಾಲಂ, ಉಳಿಯೂ ಡಿಗ್ರೀಸ್ ಆಫ್ ಫ್ರೀಡಂ (ಗದ್ದಲ ಅಳಿಯಾಕ ಉಳಿದ ಸ್ವತಂತ್ರ ಮಾಹಿತಿ) 19. ನಿನ್ನ ಹಳೇ ಟೆಸ್ಟಿನ್ಯಾಗ 38 ಇತ್ತಲಾ, ಅದು ಇಲ್ಲದ ಮಂದೀನ ಎಣಿಸಿದ್ದು.

ಇದಕ್ಕಿಂತ ಸರಳ ಹಾದಿ ಒಂದೈತಿ. ಒಬ್ಬೊಬ್ಬರ ಎರಡನೇ ಕಾಂಟ್ರಾಸ್ಟ್ ಚಿತ್ರದಾಗಿಂದ (ಬೆರಳು ಬಡಿಯೂದಕ್ಕೂ ಸುಮ್ನಿರೂದಕ್ಕೂ ಇರೂ ಫರಕಿನ ನಕಾಶೆ) ಮೊದಲನೇದ್ದು ಕಳಿ. 20 ವ್ಯತ್ಯಾಸದ ಚಿತ್ರ ಸಿಗ್ತಾವ. ಅವಕ್ಕ ಒನ್-ಸ್ಯಾಂಪಲ್ ಟಿ-ಟೆಸ್ಟ್ (ಸರಾಸರಿ ಸೊನ್ನಿಗಿಂತ ಬ್ಯಾರೆ ಐತೇನು ಅಂತ ನೋಡೂದು) ಹಾಕು. 20ರಾಗ 1 ಕಳದ್ರ ಅದ 19. ಎರಡೂ ದಾರಿಲೆ ಒಂದ ಉತ್ತರ ಬರಬೇಕು. ಬರಲಿಲ್ಲ ಅಂದ್ರ ಎಲ್ಲೋ ಒಬ್ಬರ ಫೈಲ್ ಇನ್ನೊಬ್ಬರ ಸಾಲಿನ್ಯಾಗ ಕುಂತೈತಿ. ನನಗ ಹಂಗ ಸಿಕ್ಕಿತ್ತು.

ಇನ್ನ ವಯಸ್ಸು. ಪೇಶೆಂಟಿಗೊಂದು ಕಾಲಂ ಇರೂ ಮಾಡೆಲಿನ್ಯಾಗ ವಯಸ್ಸಿಗೆ ಜಾಗಾನ ಇಲ್ಲ. ಮೂರು ತಿಂಗಳದಾಗ ಯಾರ ವಯಸ್ಸೂ ಬದಲಾಗಿಲ್ಲ, ಆ ಮಾಹಿತಿ 20 ಕಾಲಂ ಆಗಲೇ ಹೊತ್ತುಕೊಂಡಾವ. ವ್ಯತ್ಯಾಸದ ಚಿತ್ರದ ಮಾಡೆಲಿನ್ಯಾಗ ಮಾತ್ರ ಹಾಕು, ಅದೂ 20 ಮಂದಿಯ ಸರಾಸರಿ ಕಳದು. ಆಗ ಮೊದಲನೇ ಕಾಲಂ ಸರಾಸರಿ ವಯಸ್ಸಿನವರಾಗ ಎಷ್ಟು ಬದಲಾತು ಅಂತ ಹೇಳ್ತೈತಿ, ಎರಡನೇದು ವಯಸ್ಸಿನ ಕೂಡ ಆ ಬದಲಾವಣಿ ಏರ್ತೈತೋ ಇಳೀತೈತೋ ಅಂತ. ಸರಾಸರಿ ಕಳೀದ ಹಾಕಿದ್ರ ಮೊದಲನೇ ಕಾಲಂ ವಯಸ್ಸು ಸೊನ್ನಿ ಇರೂ ಪೇಶೆಂಟಿನ ಮಾತು ಆಡ್ತೈತಿ.

ಆರೋಗ್ಯವಂತ 18 ಮಂದೀನ ಇದರಾಗ ಕಲಸಬ್ಯಾಡ. ಮೊದಲನೇ ಸ್ಕ್ಯಾನಿಗೂ ಅವರಿಗೂ ಒಂದು ಹೋಲಿಕಿ, ಎರಡನೇದಕ್ಕೂ ಅವರಿಗೂ ಇನ್ನೊಂದು.

ವಿಜಯಪುರದಿಂದ:

ಬೆಳಗಾವಿಯವರು ಹೇಳಿದ್ದು ಖರೆ ಅದ. ನಾ ಅದಕ್ಕಿಂತ ಕೆಳಗಿನ ಹಂತದ ಮಾತು ಹೇಳ್ತೀನ್ರಿ.

ಒಬ್ಬೊಬ್ಬರ ಮಾಡೆಲ್ ಕಟ್ಟುವಾಗ ಬೆರಳು ಬಡಿಯೋ ಟೈಮು ಸೆಕೆಂಡಿನ್ಯಾಗ ಕೊಟ್ಟೀರೋ, ಸ್ಕ್ಯಾನ್ ನಂಬರಿನ್ಯಾಗೋ, ನೋಡ್ರಿ. ಶುರುವಿನ ಚಿತ್ರ ಬಿಟ್ಟೀರೇನು? ಎರಡೆರಡು ಸೆಕೆಂಡಿಗೊಂದು ಚಿತ್ರ ಇದ್ದು, ನಾಲ್ಕು ಬಿಟ್ಟ್ರ 8 ಸೆಕೆಂಡ್ ಹೋತು; ಟೈಮಿಂಗ್ ಎಲ್ಲಾ ಅಷ್ಟು ಹಿಂದ ಸರಿಸಬೇಕು. ರಕ್ತದ ಸಿಗ್ನಲ್ ಏರಿ ತುದಿ ಮುಟ್ಟಲಿಕ್ಕೇ 5–6 ಸೆಕೆಂಡ್ ಬೇಕು, ಅದರ ಮ್ಯಾಲ 8 ತಪ್ಪಿದ್ರ ಕೆಲಸ ಯಾವುದು, ವಿಶ್ರಾಂತಿ ಯಾವುದು ತಿಳಿಯೂದಿಲ್ಲ.

ನಿಮ್ಮ ಒಂದು ಸುತ್ತು 40 ಸೆಕೆಂಡ್. ಎಸ್‌ಪಿಎಂನ ಹೈ-ಪಾಸ್ ಫಿಲ್ಟರ್, ಅಂದ್ರ ನಿಧಾನದ ಏರಿಳಿತ ತಗದು ಹಾಕೋ ಜರಡಿ, ತಾನಾಗೇ 128 ಸೆಕೆಂಡ್ ಇರ್ತದ, ಧಕ್ಕೆ ಇಲ್ಲ. ನಾವು ಹಿಂದ 60 ಕೆಲಸ, 60 ವಿಶ್ರಾಂತಿ ಇಟ್ಟು, ಎಫ್‌ಎಸ್‌ಎಲ್ ಅನ್ನೋ ಇನ್ನೊಂದು ಸಾಫ್ಟ್‌ವೇರಿನ್ಯಾಗ ಫಿಲ್ಟರ್ 100 ಸೆಕೆಂಡ್ ಇದ್ದದ್ದು ಬದಲಿಸಲಿಲ್ಲ. ನಮ್ಮ 120 ಸೆಕೆಂಡಿನ ಸುತ್ತನ್ನ ಫಿಲ್ಟರೇ ಒರಸಿ ಹಾಕಿತ್ತು.

ಇನ್ನೊಂದು, ಲಕ್ವಾ ಆದವರು ಬೆರಳು ಬಡಿಯೋ ಮುಂದ ಭುಜಾನೂ ಎತ್ತತಾರ, ತಲಿನೂ ಅಲಗತದ. ತಲಿ ಅಲುಗಾಟದ ಆರು ಕಾಲಂ ಮಾಡೆಲಿಗೆ ಹಾಕಿದ್ರ ಅವು ಕೆಲಸದ ಕಾಲಂ ಕೂಡ ಒಂದೇ ತಾಳದಾಗ ಕುಣೀತಾವ. ಹಾಕಲೇಬೇಕು, ಆದ್ರ ಎರಡರ ನಡುವಿನ ಕೋರಿಲೇಶನ್ ಒಬ್ಬೊಬ್ಬರದು ನೋಡಿ ಬರದಿಡ್ರಿ. ಮಿದುಳಿನ ಎಡಕ್ಕ ಪೆಟ್ಟಾದವರು, ಬಲಕ್ಕ ಪೆಟ್ಟಾದವರು ಇಬ್ರೂ ಇದ್ದ್ರ ಅವರನ್ನ ಹಂಗೇ ಕೂಡಿಸಬ್ಯಾಡ್ರಿ.

ಒಂದು ಮಾತು ಮನಸಿಗೆ ಹತ್ತಿ ಹೇಳ್ತೀನಿ. ವ್ಯಾಯಾಮ ಮಾಡದ ಪೇಶೆಂಟರ ಗುಂಪು ನಿಮ್ಮಲ್ಲಿ ಇಲ್ಲ. ಲಕ್ವಾ ಆದ ಮೊದಲ ತಿಂಗಳುಗಳಾಗ ಕೈ ತಾನಾಗೇ ಒಂದಿಷ್ಟು ಸುಧಾರಸ್ತದ. ಎಂಥಾ ಛಲೋ ಮಾಡೆಲ್ ಕಟ್ಟಿದ್ರೂ ಮೂರು ತಿಂಗಳದಾಗ ಬದಲಾತು ಅಂತ ಹೇಳಬಹುದು, ವ್ಯಾಯಾಮದಿಂದ ಬದಲಾತು ಅಂತ ಹೇಳಲಿಕ್ಕೆ ಬರೂದಿಲ್ಲ. ಥೀಸಿಸ್‌ನಾಗ ಹಂಗೇ ಬರೀರಿ.

ಇಳಕಲ್ಲಿನಿಂದ:

ನಾ ಸ್ಟ್ಯಾಟಿಸ್ಟಿಕ್ಸ್ ಕಲಸಾಂವ, ಮನ್ಯಾಗ ಮಗ್ಗ. ಹೊಸಬರು ಮಾಡೂ ಇನ್ನೊಂದು ಕೆಲಸ ಹೇಳ್ತೀನಿ. ಬೆರಳು ಬಡಿಯೂದಕ್ಕ ಒಂದು ಕಾಲಂ, ವಿಶ್ರಾಂತಿಗೊಂದು, ಮ್ಯಾಲ ಸ್ಥಿರ ಕಾಲಂ ಅಂತ ಮೂರೂ ಹಾಕ್ತಾರ. ಮೊದಲಿನೆರಡು ಕೂಡಿಸಿದ್ರ ಹೆಚ್ಚುಕಮ್ಮಿ ಮೂರನೇದ ಆಗ್ತೈತಿ. ಆಗ ಬರೇ ಬೆರಳಿನ ಬೀಟಾ (ಆ ಕಾಲಂಗೆ ಮಾಡೆಲ್ ಕೊಡೂ ತೂಕ) ಎಷ್ಟು ಅಂತ ಕೇಳಿದ್ರ ಅರ್ಥ ಇರೂದಿಲ್ಲ, ಬೆರಳು ಕಳಿ ವಿಶ್ರಾಂತಿ ಅಂತ ಕೇಳಿದ್ರ ಐತಿ. ಇಂಥಾ ಮ್ಯಾಟ್ರಿಕ್ಸನ್ನೂ ಸಾಫ್ಟ್‌ವೇರ್ ಬಿಡಿಸೂದು ಜನರಲೈಸ್ಡ್ ಇನ್ವರ್ಸ್‌ನಿಂದ (ನೇರ ವಿಲೋಮ ಇಲ್ಲದ ಮ್ಯಾಟ್ರಿಕ್ಸಿಗೂ ನಡಿಯೂ ವಿಲೋಮ). ಆ ಗಣಿತಾ ಬೆಳೆಸಿದವರೊಳಗ ಸಿ. ಆರ್. ರಾವ್ ಒಬ್ಬರು, 1920ರಾಗ ನಮ್ಮ ಹೂವಿನ ಹಡಗಲಿಯೊಳಗ ಹುಟ್ಟಿದವರು. ಕ್ಲಾಸಿನ್ಯಾಗ ಪ್ರತಿ ವರ್ಷ ಇದನ್ನ ಹೇಳ್ತೀನಿ, ಹೇಳೂ ಮುಂದ ಹೆಮ್ಮಿ ಆಗ್ತೈತಿ.

ಅಪ್ಪ ಹಾಸು ಹೂಡೂಕಿಂತ ಮೊದಲ ಎಳಿ ಎಣಿಸಿ ಬಣ್ಣ ಗಟ್ಟಿ ಮಾಡ್ತಿದ್ದ. ಹೂಡಿದ ಮ್ಯಾಲ ಬದಲ ಮಾಡಾಕ ಬರೂದಿಲ್ಲ. ನಮ್ಮ ಮಾಡೆಲ್ ಹಂಗಲ್ಲ, ಫಲಿತಾಂಶ ನೋಡಿ ನೋಡಿ ಎಷ್ಟು ಸಲ ಬೇಕಾದ್ರೂ ಬದಲಸಾಕ ಬರ್ತೈತಿ. ಅಪಾಯ ಇರೂದು ಅಲ್ಲೇ. 2020ರಾಗ ಬಂದ ಒಂದು ಅಧ್ಯಯನದಾಗ 70 ತಂಡಕ್ಕ ಒಂದ ಡೇಟಾ ಕೊಟ್ಟಿದ್ರು, 9 ಪ್ರಶ್ನೆ ಕೇಳಿದ್ರು. ಉತ್ತರ ತಂಡದಿಂದ ತಂಡಕ್ಕ ಬ್ಯಾರೆ ಬಂದ್ವು. ಅದಕ್ಕ ಕಾಲಂ, ಕಾಂಟ್ರಾಸ್ಟ್, ಥ್ರೆಶೋಲ್ಡ್ (ಎಷ್ಟು ದಾಟಿದ್ರ ಖರೆ ಅಂತ ಹಿಡಿಯೂದು) ಎಲ್ಲಾ ಹಾಳಿ ಮ್ಯಾಲ ಬರದು, ತಾರೀಖು ಹಾಕಿ, ಗೈಡ್ ಸಹಿ ತಗೊಂಡು ಆಮ್ಯಾಲ ರನ್ ಮಾಡ್ರಿ. ಕ್ಲಸ್ಟರ್ (ಒಂದಕ್ಕೊಂದು ಹತ್ತಿದ ಚುಕ್ಕಿಗಳ ಗುಂಪು) ಲೆಕ್ಕ ಮಾಡೂದಾದ್ರ ಚುಕ್ಕಿ ಆರಿಸೂ ಮೊದಲ ಕಟ್ p 0.001 ಇಡ್ರಿ. 0.01 ಇಟ್ಟಾಗ ಸುಳ್ಳು ಕ್ಲಸ್ಟರ್ ಹೆಂಗ ಹೆಚ್ಚಾಗ್ತಾವ ಅಂತ 2016ರಾಗ ಎಕ್ಲುಂಡ್ ಮತ್ತ ಸಂಗಡಿಗರು ತೋರಿಸ್ಯಾರ. ಪರ್ಮ್ಯುಟೇಶನ್ (ಡೇಟಾ ಅದಲುಬದಲು ಮಾಡಿ ಮತ್ತ ಮತ್ತ ಲೆಕ್ಕ ಹಾಕೂದು) ಇನ್ನೂ ಛಲೋ. ನಿಮ್ಮ 20 ವ್ಯತ್ಯಾಸದ ಚಿತ್ರದ ಚಿಹ್ನೆ ತಿರುವಿ ಹಾಕಾಕ 10 ಲಕ್ಷಕ್ಕೂ ಹೆಚ್ಚು ದಾರಿ ಅದಾವ, 5000 ಸಾಕು. ರಾತ್ರಿ ಹಚ್ಚೂ ಮುಂದ ಕರೆಂಟ್ ಹೋದ್ರ ಅಂತ ಲ್ಯಾಪ್‌ಟಾಪ್ ಇನ್ವರ್ಟರಿಗೆ ಹಾಕ್ರಿ.

ನವನಗರದ ತಂಗಿ, ನಾಲ್ಕು ದಿನದ ಮ್ಯಾಲ:

ಎರಡೂ ದಾರಿಲೆ ಮಾಡಿದೆ, 19 ಬಂತು, ನಕಾಶೆನೂ ಒಂದ. ಟೈಮಿಂಗ್ ತಪ್ಪಿತ್ರಿ, ಸ್ಕ್ಯಾನ್ ನಂಬರ್ ಅಂತ ಆರಿಸಿ ಸೆಕೆಂಡ್ ತುಂಬಿದ್ದೆ. ಹಾಳಿ ಮ್ಯಾಲ ಗೈಡ್ ಸಹಿ ಆಗೇತಿ. ಈಗ ಇಬ್ಬರ ಎರಡನೇ ಸ್ಕ್ಯಾನಿನ್ಯಾಗ ತಲಿ ಬಾಳ ಅಲಗೇತಿ. ಆ ಎರಡು ಸ್ಕ್ಯಾನ್ ತಗೀಲೇನು?

ಬೆಳಗಾವಿಯಿಂದ:

ಎಷ್ಟು ಮಿಲಿಮೀಟರ್ ಅಲಗಿದ್ರ ತಗೀಬೇಕಂತ ಮೊದಲ ಗೆರಿ ಎಳಿ, ಎಲ್ಲಾ 58 ಸ್ಕ್ಯಾನಿಗೂ ಅದ ಗೆರಿ. ಕಾಂಟ್ರಾಸ್ಟ್ ತಗದು ನೋಡಬ್ಯಾಡ. ಗೆರಿ ದಾಟಿದ್ರ ಆ ಇಬ್ಬರ ಮೊದಲನೇ ಸ್ಕ್ಯಾನನ್ನೂ ಜೋಡಿ ಮಾಡೆಲಿನಿಂದ ತಗದು 18 ಮಂದಿ ಮ್ಯಾಲ ಮಾಡು, 17 ಬರಬೇಕು. ವಯಸ್ಸಿನ ಸರಾಸರಿನೂ ಆ 18 ಮಂದಿದು ಹೊಸದಾಗಿ ಕಳಿಯೂದು ಮರೀಬ್ಯಾಡವಾ.