ಸಹಾಯ ಬೇಕು: 1999ರ ಮರ್ಸಿಡಿಸ್ ಎಸ್‌ಎಲ್‌ಕೆ 230 ಕಾರು, ಬಿಸಿಯಾದರೆ ಆಟೊಮ್ಯಾಟಿಕ್ ಗೇರ್ ಬದಲಾಗುತ್ತಿಲ್ಲ

ಸ್ಟುಟ್‌ಗಾರ್ಟ್ ಸುತ್ತಮುತ್ತ ಇರುವವರು ದಯವಿಟ್ಟು ನೋಡಿ. ಗೇರ್‌ಬಾಕ್ಸ್ 722.6, ಐದು ಗೇರಿನದು. ತಣ್ಣಗಿದ್ದಾಗ ಏನೂ ತೊಂದರೆ ಇಲ್ಲ. ಬಿಸಿಯಾದ ಮೇಲೆ ಲಿಂಪ್ ಮೋಡ್‌ಗೆ (ದೋಷ ಕಂಡಾಗ ಗೇರ್‌ಬಾಕ್ಸ್ ತನ್ನನ್ನು ಕಾಪಾಡಿಕೊಳ್ಳುವ ಸ್ಥಿತಿ) ಬಿದ್ದು ಇರುವ ಗೇರಿನಲ್ಲೇ ಕೂತುಬಿಡುತ್ತೆ. ನಿಲ್ಲಿಸಿ, ಪಿಗೆ (ಪಾರ್ಕ್) ಹಾಕಿ, ಆಫ್ ಮಾಡಿ 10 ಸೆಕೆಂಡ್ ಬಿಟ್ಟು ಸ್ಟಾರ್ಟ್ ಮಾಡಿದರೆ 2ನೇ ಗೇರ್, ರಿವರ್ಸ್ ಎರಡೇ ಸಿಗೋದು.

ಗೇರ್‌ಬಾಕ್ಸ್ ಪಕ್ಕದ 13 ಪಿನ್ ಕನೆಕ್ಟರ್ ಒಳಗೆ ಎಣ್ಣೆ ಇದೆ. ಪ್ಲಾಸ್ಟಿಕ್ ಬುಷ್‌ನ ಓ-ರಿಂಗ್ ವಯಸ್ಸಾಗಿ ಗಟ್ಟಿಯಾದರೆ ಹೀಗೇ. ಬಿಟ್ಟರೆ ಎಣ್ಣೆ ವೈರಿನ ಒಳಗಿಂದಲೇ ಹತ್ತಿಕೊಂಡು ಕಂಟ್ರೋಲ್ ಯೂನಿಟ್‌ವರೆಗೂ ಹೋಗುತ್ತೆ. ಆ ತುದಿ ಸದ್ಯ ಒಣಗಿದೆ, ಪುಣ್ಯ. ಹೊಸ ಬುಷ್ ಇದೆ, 7 ಎಂಎಂ ಬೋಲ್ಟ್ ಒಂದನ್ನು ಬಿಚ್ಚಿ ಹಾಕುವ ಕೆಲಸ.

ಅನುಮಾನ ಇರೋದು ಗೇರ್‌ಬಾಕ್ಸ್ ಒಳಗಿನ ವಿದ್ಯುತ್ ಫಲಕದ, ಅಂದರೆ ಕಂಡಕ್ಟರ್ ಪ್ಲೇಟ್ ಮೇಲೆ. ಅದರಲ್ಲಿರುವ ಎನ್2, ಎನ್3 ಸ್ಪೀಡ್ ಸೆನ್ಸರ್ ಬಿಸಿಗೆ ಕೈಕೊಟ್ಟರೂ ಲಕ್ಷಣ ಇದೇ. 2, 3, 4ನೇ ಗೇರಿನಲ್ಲಿ ಎರಡರ ಆರ್‌ಪಿಎಂ ಒಂದೇ ಇರಬೇಕು. ಅದನ್ನು ನೋಡೋಣ ಅಂದರೆ ಅಗ್ಗದ ಸ್ಕ್ಯಾನರ್‌ಗಳು ಹೆಚ್ಚಾಗಿ ಇಂಜಿನ್ ಕೋಡ್ ಮಾತ್ರ ಓದುತ್ತವೆ, ಗೇರ್‌ಬಾಕ್ಸ್ ಮಾಡ್ಯೂಲನ್ನು ಓದಲ್ಲ.

ಬೇಕಿರೋದು: ಮರ್ಸಿಡಿಸ್ ಲೈವ್ ಡೇಟಾ ತೋರಿಸುವ ಸ್ಕ್ಯಾನರ್, ಜೊತೆಗೆ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ) ಮಟ್ಟ ಅಳೆಯುವ ಉದ್ದದ ಡಿಪ್‌ಸ್ಟಿಕ್. ಈ ಗಾಡಿಯ ಟ್ಯೂಬಿನಲ್ಲಿ ಕಡ್ಡಿಯೇ ಇರಲ್ಲ, ಬರೀ ಮುಚ್ಚಳ. 80 ಡಿಗ್ರಿಯಲ್ಲಿ, ಇಂಜಿನ್ ಓಡುತ್ತಿರುವಾಗ, ಪಿನಲ್ಲಿಟ್ಟು ಅಳೆಯಬೇಕು. ಪ್ಲೇಟ್ ಬದಲಿಸಲು ವಾಲ್ವ್ ಬಾಡಿ (ಎಣ್ಣೆಯ ಒತ್ತಡದಿಂದ ಗೇರ್ ಬದಲಿಸುವ ಭಾಗ) ಇಳಿಸಿ ಅನುಭವ ಇರುವವರು ಒಂದು ಶನಿವಾರ ಜೊತೆಗಿದ್ದರೆ ಇನ್ನೂ ಒಳ್ಳೇದು. ಫಿಲ್ಟರ್, ಪ್ಯಾನ್ ಗ್ಯಾಸ್ಕೆಟ್, ಮರ್ಸಿಡಿಸ್ 236.14 ದರ್ಜೆಯ ಎಣ್ಣೆ ನಾನೇ ತರ್ತೀನಿ.

ಮ್ಯಾನ್ಯುವಲ್ ಗೇರ್‌ಬಾಕ್ಸ್ ಹಾಕಿಸಿ ಅನ್ನೋ ಸಲಹೆ ಬೇಡ.