ಅಪ್‌ಡೇಟ್: ಲ್ಯಾಪ್‌ಟಾಪ್–ಆಂಪ್ಲಿಫೈಯರ್ ನಡುವೆ ಯುಎಸ್‌ಬಿ ಡ್ಯಾಕ್

ಲ್ಯಾಪ್‌ಟಾಪಿನ ಹೆಡ್‌ಫೋನ್ ಜ್ಯಾಕಿನಿಂದ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್‌ಗೆ ಹಾಡು ಕೊಟ್ಟರೆ ಹಿಂದೆ ಸುಯ್ ಅನ್ನೋ ಸದ್ದು ಬರುತ್ತೆ, ಕಡಿಮೆ ಬೆಲೆಯ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್ ಸಂಕೇತವಾಗಿ ಬದಲಿಸೋ ಸಾಧನ) ಯಾವುದು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಕೊನೆಗೆ ಬೆರಿಂಗರ್ ಯುಸಿಎ222 ತಗೊಂಡೆ. ಆರ್‌ಸಿಎ ಔಟ್‌ಪುಟ್ (ಸ್ಟೀರಿಯೊಗಳಲ್ಲಿ ಇರೋ ದುಂಡನೆಯ ಜೋಡಿ ಜ್ಯಾಕ್) ಇರೋದರಿಂದ ನೇರವಾಗಿ ಆಂಪಿನ ಲೈನ್-ಇನ್‌ಗೆ ಹೋಗುತ್ತೆ. ಡ್ರೈವರ್ ಹಾಕಬೇಕಾಗಲಿಲ್ಲ. ಇದು 16 ಬಿಟ್, 48 ಕಿಲೋಹರ್ಟ್ಸ್‌ವರೆಗೆ ಮಾತ್ರ. ಸಿಡಿ ಗುಣಮಟ್ಟ 16 ಬಿಟ್, 44.1 ಕಿಲೋಹರ್ಟ್ಸ್ ತಾನೆ, ನನಗೆ ಅಷ್ಟು ಸಾಕು.

ಸುಯ್ ಸದ್ದು ಪೂರ್ತಿ ಹೋಯ್ತು. ಆದರೆ ಚಾರ್ಜರ್ ಹಾಕಿದಾಗ ಗುಂಯ್‌ಗುಡೋದು ಉಳಿದಿತ್ತು. ಚಾರ್ಜರ್ ತೆಗೆದರೆ ನಿಲ್ಲುತ್ತಿತ್ತು, ಅಂದರೆ ಗ್ರೌಂಡ್ ಲೂಪ್ (ಎರಡು ಸಾಧನಗಳ ಅರ್ಥ್ ಒಂದಕ್ಕಿಂತ ಹೆಚ್ಚು ದಾರಿಯಲ್ಲಿ ಸೇರಿ ಆಗೋ ತೊಂದರೆ). ಯುಎಸ್‌ಬಿ ಕೇಬಲ್ಲು ಲ್ಯಾಪ್‌ಟಾಪಿನ ಗ್ರೌಂಡನ್ನೂ ಆಂಪಿನವರೆಗೆ ಒಯ್ಯುತ್ತೆ, ಹಾಗಾಗಿ ಡ್ಯಾಕ್ ಬದಲಿಸಿದರೆ ಇದು ಹೋಗಲ್ಲ. ಚಾರ್ಜರ್, ಆಂಪ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ ಮೇಲೆ ಕೇಳಿಸದಷ್ಟು ಇಳಿದಿದೆ. ಗುಂಯ್ ಹೋಗಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಮಾತ್ರ ದಯವಿಟ್ಟು ಯಾರೂ ತೆಗೀಬೇಡಿ, ಅದು ಜೀವಕ್ಕೇ ಅಪಾಯ.

ಲ್ಯಾಪ್‌ಟಾಪಿನಲ್ಲಿ ವಾಲ್ಯೂಮ್ ಪೂರ್ತಿ ಇಟ್ಟು ಆಂಪಿನಲ್ಲೇ ಹೆಚ್ಚುಕಡಿಮೆ ಮಾಡಿ ಅಂದಿದ್ರಲ್ಲ, ಹಾಗೇ ಕೇಳ್ತಿದ್ದೀನಿ. ತಂಬೂರಿಯ ಶ್ರುತಿ ಈಗ ಎಷ್ಟು ಸ್ಪಷ್ಟ!